ಗುಂಡಿ ತೋಡುವ ಮುನ್ನ



ಹೋದ ಮಳೆಗಾಲದಲ್ಲಿ ನಮ್ಮ ಪಾಡಿಯ ಒಂದು ಮನೆಯ ಹಸು ಸತ್ತಿತು. ಶನಿವಾರ ರಾತ್ರಿ ಹೊಟ್ಟೆ ಉಬ್ಬರಿಸಿ ಮಲಗಿದ ಹಸು ಬೆಳಗಾದಾಗ ಏಳಲಿಲ್ಲ. ಈದು ಎರಡು ತಿಂಗಳಷ್ಟೇ ಆಗಿತ್ತು. ಆ ಮನೆಯ ತಾಯಿ ಕತ್ತಲಿರುವಾಗಲೇ ಎದ್ದು ಹಾಲು ಕರೆದು, ಸಂಘಕ್ಕೆ ಹಾಕಿ, ಆಮೇಲೆ ಸೊಪ್ಪು ಕೀಳಲು ಹೋಗುವವರು. ತೋಟದ ಸಂಬಳ ಅಕ್ಕಿಗೆ ಮತ್ತು ಅಂಗಡಿ ಬಾಕಿಗೆ. ಹಾಲಿನ ಹಣ ಮಕ್ಕಳ ಶಾಲೆಗೆ ಮತ್ತು ಹಸು ಕೊಳ್ಳಲು ಮಾಡಿದ ಸಾಲದ ಕಂತಿಗೆ. ಆ ಸಂಸಾರ ಹೀಗೆ ಎರಡು ಕಾಲಿನ ಮೇಲೆ ನಿಂತಿತ್ತು.

ಭಾನುವಾರ ಮಳೆ ಬಿಡಲಿಲ್ಲ. ಕೊಟ್ಟಿಗೆ ಮನೆಗಳಿಗೆ ತಾಗಿಯೇ ಇದೆ. ವಾಸನೆ ಬಂದೀತು, ನಾಯಿ ಎಳೆದೀತು ಎಂದು ನಾಲ್ಕು ಜನ ಸೇರಿ ಮಧ್ಯಾಹ್ನದೊಳಗೆ ಗುಂಡಿ ತೋಡಿ ಹೂತೆವು. ಗುಂಡಿ ತೋಡಿದವರಲ್ಲಿ ನಾನೂ ಒಬ್ಬ. ಹಸುವಿಗೆ ವಿಮೆ ಇದೆಯೆಂಬುದು ಆ ತಾಯಿಗೆ ನೆನಪಾದದ್ದು ಸೋಮವಾರ ಸಂಜೆ, ಟ್ರಂಕಿನಲ್ಲಿ ಸಾಲದ ಚೀಟಿ ಹುಡುಕುವಾಗ. ಬುಧವಾರ ವಿಮಾ ಕಚೇರಿಯಿಂದ ಒಬ್ಬರು ಪರಿಶೀಲನೆಗೆ ಬಂದರು. ಅವರು ಮುಖ್ಯವಾಗಿ ಕೇಳಿದ್ದು ಎರಡೇ ಮಾತು. ಕಿವಿಯೋಲೆ ಎಲ್ಲಿ? ದನದ ಡಾಕ್ಟರ ವರದಿ ಎಲ್ಲಿ? ಕಿವಿಯೋಲೆ ಹಸುವಿನ ಕಿವಿಯಲ್ಲಿತ್ತು, ಹಸು ಮಣ್ಣಿನಡಿಯಲ್ಲಿತ್ತು. ಡಾಕ್ಟರನ್ನು ನಾವು ಕರೆದೇ ಇರಲಿಲ್ಲ. ಒಂದು ತಿಂಗಳಾದ ಮೇಲೆ ಪರಿಹಾರ ಕೊಡಲಾಗದೆಂದು ಕಾಗದ ಬಂತು. ಹಸು ಹೋಯಿತು, ಕಟ್ಟಿದ ಪ್ರೀಮಿಯಂ ಹೋಯಿತು, ಸಾಲ ಮಾತ್ರ ಉಳಿಯಿತು.

"ಕಂಪೆನಿಯವರು ಮೋಸ ಮಾಡಿದರು" ಎಂದು ಪಾಡಿಯಲ್ಲೆಲ್ಲ ಮಾತಾಯಿತು. ಮೊದಲು ನಾನೂ ಹಾಗೆಯೇ ಅಂದೆ. ಆಮೇಲೆ ಆ ಪಾಲಿಸಿ ಕಾಗದವನ್ನು ತಂದು, ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸಿದೆ. ಕಿವಿಯೋಲೆ ಇಲ್ಲದೆ ಪರಿಹಾರವಿಲ್ಲವೆಂದು ಅದರಲ್ಲಿ ಬರೆದೇ ಇತ್ತು. ಓಲೆ ಚುಚ್ಚಿದ ದಿನ ಈ ಮಾತನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ ಎಂಬುದೂ ನಿಜ. ಹೇಳಬೇಕಾದವರು ಹೇಳಲಿಲ್ಲ, ಕೇಳಬೇಕಾದ ನಾವು ಕೇಳಲಿಲ್ಲ. ಈ ಎರಡರ ನಡುವೆ ಒಂದು ಬಡ ಸಂಸಾರದ ಹಣ ಹೂತುಹೋಯಿತು. ಇನ್ನೊಂದು ಮನೆಯಲ್ಲಿ ಹೀಗಾಗಬಾರದೆಂದು ಈ ತಿಂಗಳ ಸಂಪಾದಕೀಯವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ತೋಟದ ಆಫೀಸನ್ನು ನೋಡಿ. ಫ್ಯಾಕ್ಟರಿಗೆ ವಿಮೆ, ಲಾರಿಗೆ ವಿಮೆ, ಗೋದಾಮಿನ ಚಹಾ ಪುಡಿಗೆ ವಿಮೆ. ಪರಿಶೀಲನೆಗೆ ಬರುತ್ತಾರೆಂದರೆ ಕೆಂಪು ಬಕೆಟ್‌ಗಳಿಗೆ ಹೊಸ ಮರಳು ಬೀಳುತ್ತದೆ, ರಿಜಿಸ್ಟರುಗಳು ಮೇಜಿನ ಮೇಲೆ ಸಾಲಾಗಿ ಬರುತ್ತವೆ, ಉತ್ತರ ಹೇಳಲು ಗುಮಾಸ್ತರು ಕಾದಿರುತ್ತಾರೆ. ನಮ್ಮ ಕೊಟ್ಟಿಗೆಗೆ ಅದೇ ರೀತಿಯವರು ಬಂದರೆ ನಾವು ಒಂದೋ ಹೆದರಿ ಬಾಗಿಲ ಹಿಂದೆ ನಿಲ್ಲುತ್ತೇವೆ, ಇಲ್ಲವೇ ಕೋಳಿ ಕೊಯ್ದು ಉಪಚಾರ ಮಾಡುತ್ತೇವೆ. ಎರಡೂ ಬೇಕಾಗಿಲ್ಲ. ಬರುವವರು ನಮ್ಮ ಯಜಮಾನರೂ ಅಲ್ಲ, ನಮ್ಮ ವೈರಿಗಳೂ ಅಲ್ಲ. ನಾವು ಹೇಳಿದ ಮಾತು ನಿಜವೇ ಎಂದು ನೋಡಿ ಬರೆದುಕೊಳ್ಳಲು ಬಂದವರು. ಅವರ ಮುಂದಿಡಲು ನಮ್ಮ ಹತ್ತಿರ ಕಾಗದ ಇರಬೇಕು, ಅಷ್ಟೇ.

ಮೊದಲು ತಿಳಿಯಬೇಕಾದದ್ದು, ಪರಿಶೀಲನೆ ಒಂದಲ್ಲ, ಎರಡು. ವಿಮೆ ಮಾಡಿಸುವ ದಿನ ಒಂದು, ಹಸು ಸತ್ತ ದಿನ ಇನ್ನೊಂದು. ನಾವು ಎರಡನೆಯದಕ್ಕೆ ಮಾತ್ರ ಹೆದರುತ್ತೇವೆ. ಆದರೆ ಎರಡನೆಯದು ನೆಟ್ಟಗಾಗುವುದು ಮೊದಲನೆಯದು ನೆಟ್ಟಗಾಗಿದ್ದರೆ ಮಾತ್ರ.

ಮೊದಲ ದಿನ ಏನು ನಡೆಯುತ್ತದೆ? ಪಶುವೈದ್ಯರು ಹಸುವನ್ನು ನೋಡಿ ಆರೋಗ್ಯದ ಸರ್ಟಿಫಿಕೇಟು ಬರೆಯುತ್ತಾರೆ. ಹಾಲು ಕೊಡುವ ಹಸುವಾದರೆ ಸಾಮಾನ್ಯವಾಗಿ 2ರಿಂದ 10 ವರ್ಷದೊಳಗಿನದಕ್ಕೆ ವಿಮೆ. ಕಿವಿಗೆ ಓಲೆ ಚುಚ್ಚುತ್ತಾರೆ. ಈಗ ಸರ್ಕಾರದವರು ಹಾಕುವ ಹಳದಿ ಓಲೆಯಲ್ಲಿ 12 ಅಂಕಿಗಳಿವೆ. ಓಲೆ ಕಾಣುವಂತೆ ಹಸುವಿನ ಫೋಟೋ, ಸಾಕಿದವರನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆ ದಿನ ನೀವು ಮಾಡಬೇಕಾದದ್ದು ಇಷ್ಟು: ಪಾಲಿಸಿ ಕೈಗೆ ಬಂದ ಕೂಡಲೇ ಅದರಲ್ಲಿರುವ 12 ಅಂಕಿಗಳನ್ನೂ ಕಿವಿಯಲ್ಲಿರುವ 12 ಅಂಕಿಗಳನ್ನೂ ಒಂದೊಂದಾಗಿ ಹೋಲಿಸಿ ನೋಡಿ. ಒಂದು ಅಂಕಿ ತಪ್ಪಿದರೂ ಅಂದೇ ಕಚೇರಿಗೆ ಬರೆದು ತಿದ್ದಿಸಿ. ಬಣ್ಣ, ಕೊಂಬು, ವಯಸ್ಸು, ಎಷ್ಟನೆಯ ಸೂಲು ಎಂಬುದು ಸರಿಯಾಗಿದೆಯೇ ನೋಡಿ.

ಬೆಲೆಯ ವಿಷಯದಲ್ಲಿ ಆಸೆ ಬೇಡ. ಸರ್ಕಾರದ ಯೋಜನೆಯಲ್ಲಿ ಸಾಕಿದವರು, ಡಾಕ್ಟರು, ವಿಮೆಯವರು ಮೂವರೂ ಸೇರಿ ಮಾರುಕಟ್ಟೆಯ ಬೆಲೆಯನ್ನು ತೀರ್ಮಾನಿಸಬೇಕು. ನಲವತ್ತು ಸಾವಿರದ ಹಸುವಿಗೆ ಎಪ್ಪತ್ತು ಸಾವಿರ ಬರೆಸಿದರೆ ಎಪ್ಪತ್ತಕ್ಕೆ ಪ್ರೀಮಿಯಂ ಕಟ್ಟುತ್ತೀರಿ. ಸತ್ತ ದಿನ ಜಗಳ ಕಟ್ಟಿಟ್ಟದ್ದು. ಹಸುವಿಗೆ ಮೊದಲೇ ಇರುವ ಕಾಯಿಲೆಯನ್ನು ಮುಚ್ಚಿಡುವುದೂ ಹಾಗೆಯೇ. ವಿಮೆ ಎಂಬುದು ನಂಬಿಕೆಯ ಕರಾರು. ನಮ್ಮ ಕೊಟ್ಟಿಗೆಯಲ್ಲಿ ಏನಿದೆ ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅದಕ್ಕೇ ನಮ್ಮ ಮಾತು ಸುಳ್ಳೆಂದು ಕಂಡರೆ ಕರಾರು ಮುರಿಯುವ ಹಕ್ಕು ಅವರಿಗೆ ಬರುತ್ತದೆ.

ಹಣದ ಹೊರೆ ಹೆಚ್ಚೆಂದು ಬಿಡುವವರು ಒಂದು ಮಾತು ತಿಳಿಯಬೇಕು. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮೆಯಲ್ಲಿ ಸಾಕುವವರ ಪಾಲನ್ನು ಪ್ರೀಮಿಯಮ್ಮಿನ ನೂರಕ್ಕೆ 15ಕ್ಕೆ ಇಳಿಸಲು 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ಹಂಚಿಕೊಳ್ಳುತ್ತವೆ. ನಿಮ್ಮ ಊರಿನ ದನದ ಆಸ್ಪತ್ರೆಯಲ್ಲಿ ಇದನ್ನು ಕೇಳಿ.

ಎರಡು ಪರಿಶೀಲನೆಗಳ ನಡುವಿನ ದಿನಗಳಲ್ಲಿ ಕೆಲಸವಿಲ್ಲವೆಂದು ತಿಳಿಯಬೇಡಿ. ಓಲೆಯನ್ನು ಕಾಯುವ ಹೊಣೆ ಸಾಕಿದವರದು. ಮೇಲಿನ ಡಿವಿಷನ್ನಿನ ಒಂದು ಮನೆಯ ಹಸು ಮುಳ್ಳು ಪೊದೆಯಲ್ಲಿ ಸಿಕ್ಕಿ ಓಲೆ ಕಿತ್ತುಕೊಂಡು ಬಂತು. ಆ ಮನೆಯವರು ಮರುದಿನವೇ ಕಚೇರಿಗೆ ಬರೆದು, ಹೊಸ ಓಲೆ ಹಾಕಿಸಿ, ಹೊಸ ನಂಬರನ್ನು ಪಾಲಿಸಿಯಲ್ಲಿ ಸೇರಿಸಿಕೊಂಡರು. ನಾಲ್ಕು ತಿಂಗಳ ಮೇಲೆ ಆ ಹಸು ಸತ್ತಾಗ ಅವರಿಗೆ ಹಣ ಬಂತು. ಅವರದು ಅದೃಷ್ಟವಲ್ಲ, ಒಂದು ದಿನದ ಅರ್ಧ ಸಂಬಳ ಬಿಟ್ಟು ಕಚೇರಿಗೆ ಹೋದ ಫಲ.

ಕಾಲುಬಾಯಿ ರೋಗ, ಗಳಲೆ ರೋಗ, ಚಪ್ಪೆ ರೋಗಗಳ ಚುಚ್ಚುಮದ್ದು ಹಾಕಿಸಿದ ಚೀಟಿಯನ್ನು ಪಾಲಿಸಿಯ ಜೊತೆಯಲ್ಲೇ ಇಡಿ. ಚುಚ್ಚುಮದ್ದು ಹಾಕಿಸದ ರೋಗದಿಂದ ಸತ್ತರೆ ಅನೇಕ ಪಾಲಿಸಿಗಳಲ್ಲಿ ಹಣವಿಲ್ಲ. ವಿಮೆ ಆರಂಭವಾದ ಮೊದಲ 15 ದಿನಗಳಲ್ಲಿ ರೋಗದಿಂದ ಸತ್ತರೂ ಅನೇಕ ಕಡೆ ಕೊಡುವುದಿಲ್ಲ. ಆದುದರಿಂದ ಅವಧಿ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟು ಅದಕ್ಕೆ ಮೊದಲೇ ಕಟ್ಟಿರಿ. ನಮ್ಮ ಲೈನುಗಳಲ್ಲಿ ಒಂದು ಮನೆಯ ಹಸು ಇನ್ನೊಂದು ಮನೆಗೆ ಮಾರಾಟವಾಗುವುದು ಸಾಮಾನ್ಯ. ಹಸುವಿನ ಜೊತೆಗೆ ಪಾಲಿಸಿಯನ್ನೂ ಹೊಸಬರ ಹೆಸರಿಗೆ ಮಾಡಿಸದಿದ್ದರೆ ಆ ವಿಮೆ ಯಾರಿಗೂ ದಕ್ಕುವುದಿಲ್ಲ.

ಈಗ ಹಸು ಸತ್ತ ದಿನದ ಮಾತು. ಕಾಯಿಲೆ ಬಿದ್ದಾಗಲೇ ಡಾಕ್ಟರನ್ನು ಕರೆದು ಚೀಟಿ ಬರೆಸಿಕೊಳ್ಳಿ. 1962 ಎಂಬ ನಂಬರಿಗೆ ಫೋನು ಮಾಡಿದರೆ ಸಂಚಾರಿ ದನದ ಆಸ್ಪತ್ರೆಯವರು ಸಿಗುತ್ತಾರೆ. ಸತ್ತರೆ ಮೊದಲು ವಿಮಾ ಕಚೇರಿಗೆ ಫೋನು, ಕೂಡಲೇ ಬರಹದಲ್ಲಿ ತಿಳಿವಳಿಕೆ. ಆಮೇಲೆ ಡಾಕ್ಟರಿಗೆ. ಹಸುವಿನ ಮೇಲೆ ಟಾರ್ಪಾಲು ಹೊದಿಸಿ, ನಾಯಿ ಬಾರದಂತೆ ಕಾಯಿರಿ. ಓಲೆ ಕಾಣುವಂತೆ ನಾಲ್ಕು ಫೋಟೋ ತೆಗೆದಿಡಿ. ಡಾಕ್ಟರು ಮರಣೋತ್ತರ ಪರೀಕ್ಷೆ ಮಾಡಿದ ಮೇಲೆ ಅವರೆದುರಿಗೇ ಓಲೆ ತೆಗೆಸಿ, ಜೋಪಾನ ಮಾಡಿ. ನೆರಡಿ ರೋಗದ ಸಂಶಯವಿದ್ದರೆ ಡಾಕ್ಟರು ಹಸುವನ್ನು ಕೊಯ್ಯುವುದಿಲ್ಲ, ನೀವೂ ಮುಟ್ಟಬಾರದು. ಆ ಮಾತನ್ನೇ ವರದಿಯಲ್ಲಿ ಬರೆಸಿಕೊಳ್ಳಿ. ಇದೆಲ್ಲ ಆದ ಮೇಲೆ ಗುಂಡಿ.

"ಭಾನುವಾರ ಡಾಕ್ಟರು ಎಲ್ಲಿ ಸಿಗುತ್ತಾರೆ?" ಎಂದು ಕೇಳುವಿರಿ. ಸಿಗದಿದ್ದರೂ ಕರೆದದ್ದಕ್ಕೆ ಗುರುತಿರಲಿ. ಫೋನಿನಲ್ಲಿ ಕರೆಯ ಹೊತ್ತು ಉಳಿದಿರುತ್ತದೆ. ಹೂಳದೆ ಗತಿಯೇ ಇಲ್ಲವೆಂದಾದರೆ ಫೋನಿನಲ್ಲಿ ವಿಮಾ ಕಚೇರಿಯವರನ್ನು ಕೇಳಿ, ಪಂಚಾಯಿತಿ ಸದಸ್ಯರನ್ನೂ ಹಾಲಿನ ಸಂಘದ ಕಾರ್ಯದರ್ಶಿಯನ್ನೂ ಕರೆದು ತೋರಿಸಿ, ಅವರ ಸಹಿ ಪಡೆಯಿರಿ. ಇಷ್ಟು ಮಾಡಿದ್ದರೆ ಆ ತಾಯಿಯ ಪರವಾಗಿ ವಾದಿಸಲು ನಮಗೆ ಬಾಯಿ ಇರುತ್ತಿತ್ತು.

ವಯನಾಡಿನಲ್ಲೂ ಗೂಡಲೂರಿನ ಕಡೆಯೂ ಹುಲಿ ಹಿಡಿದ ದನಗಳಿಗೆ ಕೊರತೆಯಿಲ್ಲ. ಅಲ್ಲಿ ಅರಣ್ಯ ಇಲಾಖೆಯವರ ಪರಿಶೀಲನೆಯೂ ಸೇರುತ್ತದೆ. ಕಳೇಬರವನ್ನು ಅಲುಗಿಸದೆ ಇಬ್ಬರಿಗೂ ತಿಳಿಸಿ. ಒಬ್ಬರಿಗೆ ಅರ್ಜಿ ಕೊಟ್ಟದ್ದನ್ನು ಇನ್ನೊಬ್ಬರಿಗೆ ಮುಚ್ಚಿಡಬೇಡಿ.

ಪರಿಹಾರಕ್ಕೆ ಮುಖ್ಯವಾಗಿ ಬೇಕಾದ ಕಾಗದ ನಾಲ್ಕು: ಸತ್ತದ್ದನ್ನು ತಿಳಿಸಿದ ಪತ್ರ, ಪಾಲಿಸಿ, ಕ್ಲೇಮ್ ಫಾರಂ, ಮರಣೋತ್ತರ ವರದಿ. ಜೊತೆಗೆ ಕಿವಿಯೋಲೆ. ಪ್ರತಿಯೊಂದರ ನಕಲು ನಿಮ್ಮಲ್ಲಿರಲಿ, ಕೊಟ್ಟದ್ದಕ್ಕೆ ತಾರೀಕು ಹಾಕಿದ ರಸೀದಿ ಇರಲಿ.

ಗಡಿಯಾಚೆಯ ನಮಗೆ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಕನ್ನಡ; ಫಾರಂ ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳದಲ್ಲೋ ತಮಿಳಿನಲ್ಲೋ. ಮಾತನಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಬಹಳ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ. ಇನ್ನೊಬ್ಬರು ತುಂಬಿದ ಫಾರಮ್ಮಿನಲ್ಲಿ "ಇದನ್ನು ಅರ್ಜಿದಾರರಿಗೆ ಅವರ ಭಾಷೆಯಲ್ಲಿ ವಿವರಿಸಿದ್ದೇನೆ" ಎಂಬ ಅರ್ಥದ ಒಂದು ಹೇಳಿಕೆಗೆ ತುಂಬಿದವರು ಸಹಿ ಮಾಡುವ ಪದ್ಧತಿ ಇದೆ. ಆ ಸಾಲನ್ನು ಬೆರಳಿಟ್ಟು ತೋರಿಸಿ, "ಅಯ್ಯಾ, ಮೊದಲು ಇದರಂತೆ ಓದಿ ಹೇಳಿ" ಎಂದು ಕೇಳಿ. ಕೇಳುವುದು ಅವಮರ್ಯಾದೆಯಲ್ಲ. ಕನ್ನಡದಲ್ಲಿ ಮಾಡಿದ ಸಹಿಯೂ ಸಹಿಯೇ.

ಹಸುವನ್ನು ಸಾಕುವವರು ಹೆಂಗಸರು, ಪಾಲಿಸಿ ಇರುವುದು ಗಂಡಸರ ಹೆಸರಲ್ಲಿ. ಪರಿಶೀಲನೆಗೆ ಬಂದಾಗ ಹಸು ಯಾವಾಗ ಮೇವು ಬಿಟ್ಟಿತೆಂದು ಗಂಡನಿಗೆ ಗೊತ್ತಿರುವುದಿಲ್ಲ. ಗೊತ್ತಿರುವ ಹೆಂಡತಿ ತೋಟದಲ್ಲಿರುತ್ತಾಳೆ. ಮಾತಿಗೆ ಮಾತು ಕೂಡದೆ ಸಂಶಯ ಹುಟ್ಟುತ್ತದೆ. ಸಾಕುವವರ ಹೆಸರಲ್ಲೇ ವಿಮೆ ಮಾಡಿಸುವುದು ಒಳ್ಳೆಯದು. ಬರುವ ದಿನವನ್ನು ಮೊದಲೇ ಕೇಳಿ, ಮೇಸ್ತ್ರಿಗೆ ಹೇಳಿ, ಆಕೆ ಮನೆಯಲ್ಲಿರುವಂತೆ ನೋಡಿಕೊಳ್ಳಿ.

ಕೈಬಿಸಿ ಮಾಡುವ ಮಾತು ಬೇಡ. ನ್ಯಾಯವಾದ ಹಣಕ್ಕೆ ಲಂಚ ಕೊಡುವುದು ನಮ್ಮದನ್ನೇ ನಾವು ಕೊಂಡಂತೆ. ಸತ್ತ ಹಸುವಿನ ಓಲೆಯನ್ನು ಬೇರೆಯದಕ್ಕೆ ಹಾಕುವ ಜಾಣತನವೂ ಬೇಡ. ಒಬ್ಬರು ಮಾಡಿದ ಕಳ್ಳಲೆಕ್ಕಕ್ಕೆ ಇಡೀ ಪಾಡಿಯ ನಿಜವಾದ ಲೆಕ್ಕವನ್ನೂ ಸಂಶಯದಿಂದ ನೋಡುತ್ತಾರೆ.

ಎಲ್ಲವೂ ಸರಿಯಿದ್ದು ಹಣ ಬಾರದಿದ್ದರೆ ಸುಮ್ಮನಿರಬಾರದು. ಮೊದಲು ಕಂಪೆನಿಗೇ ದೂರು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕೇರಳಕ್ಕೆ ಕೊಚ್ಚಿಯಲ್ಲಿ, ತಮಿಳುನಾಡಿಗೆ ಚೆನ್ನೈಯಲ್ಲಿ ಅವರ ಕಚೇರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಬರೆಯಬೇಕು. ಜಿಲ್ಲಾ ಗ್ರಾಹಕರ ಆಯೋಗದಲ್ಲೂ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. 155255 ಎಂಬ ನಂಬರಿಗೆ ಫೋನು ಮಾಡಿಯೂ ದೂರು ಕೊಡಬಹುದು.

ಕೊನೆಗೆ ಒಂದು ಸಲಹೆ. ಪ್ರತಿ ಪಾಡಿಯಲ್ಲಿ ಓದುಬರಹ ಬಲ್ಲ ಒಬ್ಬರು ಒಂದು ನೋಟ್‌ಬುಕ್ ಇಡಲಿ. ಅದರಲ್ಲಿ ಯಾರ ಮನೆಯ ಹಸು, ಓಲೆ ನಂಬರು, ಪಾಲಿಸಿ ಮುಗಿಯುವ ತಾರೀಕು, ವಿಮಾ ಕಚೇರಿಯ ಫೋನು, ದನದ ಡಾಕ್ಟರ ಫೋನು ಬರೆದಿರಲಿ. ನಲವತ್ತು ಪುಟದ ಪುಸ್ತಕ ಸಾಕು. ನಮ್ಮ ಪಾಡಿಯಲ್ಲಿ ಆ ಪುಸ್ತಕವನ್ನು ಇಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಅಂದು ಗುದ್ದಲಿ ಹಿಡಿಯುವ ಮೊದಲು ನಮ್ಮಲ್ಲಿ ಯಾರಾದರೂ ಒಬ್ಬರು "ಈ ಹಸುವಿಗೆ ವಿಮೆ ಇದೆಯೇ?" ಎಂದು ಕೇಳಿದ್ದರೆ ಸಾಕಾಗಿತ್ತು. ಕೇಳಲಿಲ್ಲ. ಇನ್ನು ಮುಂದೆ ಕೇಳೋಣ.

ಆ ತಾಯಿ ಈಗಲೂ ಕತ್ತಲಿರುವಾಗಲೇ ಏಳುತ್ತಾರೆ. ಕರೆಯಲು ಹಸುವಿಲ್ಲ, ಅಭ್ಯಾಸ ಹೋಗಿಲ್ಲ. ಸಾಲದ ಕಂತಿಗೆಂದು ಪಾಡಿಯ ಮನೆಗಳಿಂದ ಕೂಡಿಸಿದ ಹಣದಲ್ಲಿ ಎರಡು ತಿಂಗಳು ಕಳೆದಿವೆ. ಉಳಿದದ್ದಕ್ಕೆ ಕೈಲಾದವರು ಕೈ ಜೋಡಿಸಬೇಕೆಂದು ಕೇಳಿಕೊಳ್ಳುತ್ತೇವೆ.