ನಟಿ ಸುಲೋಚನೆಯೂ ನಮ್ಮ ಸಮಾಜವೂ

ಸಂಪಾದಕೀಯ ಪುಟದಲ್ಲಿ ಸಿನೆಮಾ ನಟಿಯೊಬ್ಬಳ ಪ್ರಸ್ತಾಪವೇ ಎಂದು ನಮ್ಮ ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆವು. ರಾಜಕಾರಣ, ಕಂದಾಯ, ಮಳೆ ಬೆಳೆ, ಊರ ಕುಡಿಯುವ ನೀರು ಇವುಗಳ ನಡುವೆ ಇಂಥ ವಿಷಯಕ್ಕೆ ಸ್ಥಳವೆಲ್ಲಿ ಎಂದು ಅವರು ಕೇಳಬಹುದು. ಸ್ಥಳವುಂಟೆಂದೇ ನಮ್ಮ ಅಭಿಪ್ರಾಯ. ಒಂದು ಸಮಾಜವು ಯಾರನ್ನು ನೋಡಿ ಚಪ್ಪಾಳೆ ತಟ್ಟುತ್ತದೆ, ಯಾರನ್ನು ತನ್ನ ಹೊಸ್ತಿಲೊಳಗೆ ಕರೆದು ಮಣೆ ಹಾಕುತ್ತದೆ ಎಂಬೆರಡರ ನಡುವಣ ಅಂತರವು ಆ ಸಮಾಜದ ಪ್ರಾಮಾಣಿಕತೆಯನ್ನು ತಿಳಿಸಿಕೊಡುತ್ತದೆ. ಮೂಕಚಿತ್ರಗಳ ಕಾಲದಲ್ಲಿ 'ಸುಲೋಚನಾ' ಎಂಬ ಹೆಸರಿನಿಂದ ಭರತಖಂಡವನ್ನೆಲ್ಲ ಬೆರಗುಗೊಳಿಸಿದ ರೂಬಿ ಮೈಯರ್ಸ್ ಎಂಬ ಮಹಿಳೆಯ ಜೀವನವು ಆ ಅಂತರವನ್ನು ಬಲು ಸ್ಪಷ್ಟವಾಗಿ ತೋರಿಸತಕ್ಕದ್ದಾಗಿದೆ.

ಸುಲೋಚನೆಯೆಂದೊಡನೆ ಕನ್ನಡಿಗರ ಮನಸ್ಸಿಗೆ ಬರತಕ್ಕವಳು ಇಂದ್ರಜಿತುವಿನ ಪತ್ನಿ. ಆಕೆಯ ಕಥೆಯನ್ನೇ ಹಿಡಿದು ೧೯೩೪ರಲ್ಲಿ ತೆರೆಗೆ ಬಂದ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರವೆಂಬುದು ಎಲ್ಲರಿಗೂ ವಿದಿತವಾದ ಸಂಗತಿ. ನಾವು ಹೇಳಹೊರಟಿರುವ ಸುಲೋಚನೆಗೂ ಆ ಚಿತ್ರಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಈಕೆ ೧೯೦೭ರಲ್ಲಿ ಪುಣೆಯಲ್ಲಿ ಜನಿಸಿದ ಯೆಹೂದ್ಯ ಕುಲದ ಹೆಣ್ಣುಮಗಳು. ಅನ್ನಕ್ಕಾಗಿ ಟೆಲಿಫೋನ್ ಕಚೇರಿಯಲ್ಲಿ ಕುಳಿತು, ಯಾರು ಯಾರಿಗೋ ಮಾತಿನ ತಂತಿಯನ್ನು ಜೋಡಿಸಿಕೊಡುವ ಕೆಲಸ ಆಕೆಯದಾಗಿದ್ದಿತು. ಕೋಹಿನೂರ್ ಫಿಲ್ಮ್ ಕಂಪನಿಯ ಮೋಹನ ಭವನಾನಿಯವರು ಆಕೆಯ ರೂಪವನ್ನು ಕಂಡು ಚಿತ್ರದಲ್ಲಿ ಅಭಿನಯಿಸುವಂತೆ ಕೇಳಿದಾಗ ಆಕೆ ಮೊದಲು ಒಪ್ಪಲಿಲ್ಲ. ಅಭಿನಯವು ಮರ್ಯಾದಸ್ಥ ಹೆಂಗಸರ ಕೆಲಸವಲ್ಲವೆಂಬ ಭಾವನೆ ಆಕೆಯ ಸಮಾಜದಲ್ಲಿಯೂ ಇದ್ದಿತು. ಭವನಾನಿಯವರು ಬಿಡದೆ ಕೇಳಿದರು. ಕಡೆಗೆ ಆಕೆ ಒಪ್ಪಿದಳು. ನಟನೆಯ ಗಂಧವೂ ಇಲ್ಲದಿದ್ದ ಆ ತರುಣಿಗೆ ಅವರು ಸಂಸ್ಕೃತದ ಹೆಸರೊಂದನ್ನಿಟ್ಟು ೧೯೨೫ರಲ್ಲಿ 'ವೀರ ಬಾಲಾ' ಎಂಬ ಚಿತ್ರದಲ್ಲಿ ನಿಲ್ಲಿಸಿದರು.

ಈ ಹೆಸರಿಡುವ ಸಂಪ್ರದಾಯದ ವಿಷಯದಲ್ಲಿ ಸ್ವಲ್ಪ ವಿಚಾರ ಮಾಡಬೇಕಾಗಿದೆ. ದಾದಾಸಾಹೇಬ ಫಾಳ್ಕೆಯವರು 'ರಾಜಾ ಹರಿಶ್ಚಂದ್ರ'ವನ್ನು ತಯಾರಿಸಿದಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ದೊರೆಯಲಿಲ್ಲ. ಸಭ್ಯ ಗೃಹಸ್ಥರ ಮನೆಯವರಿರಲಿ, ವೇಶ್ಯಾವೃತ್ತಿಯವರು ಸಹ ಬರಲೊಲ್ಲೆವೆಂದರಂತೆ. ಕಡೆಗೆ ಫಲಾಹಾರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಸಾಳುಂಕೆಯೆಂಬ ಯುವಕನಿಗೆ ಸೀರೆಯುಡಿಸಿ ೧೯೧೩ರಲ್ಲಿ ಚಿತ್ರವನ್ನು ಹೊರತರಬೇಕಾಯಿತು. ನಾಲ್ಕು ವರ್ಷಗಳ ತರುವಾಯ 'ಲಂಕಾದಹನ'ದಲ್ಲಿ ಅದೇ ಸಾಳುಂಕೆಯು ರಾಮನೂ ಆದನು, ಸೀತೆಯೂ ಆದನು! ನಡುವೆ ದುರ್ಗಾಬಾಯಿ ಕಾಮತ್ ಮತ್ತು ಆಕೆಯ ಮಗಳು ಕಮಲಾಬಾಯಿ ಇವರಿಬ್ಬರು 'ಮೋಹಿನಿ ಭಸ್ಮಾಸುರ'ದಲ್ಲಿ ನಟಿಸಿ ದಾರಿ ತೋರಿಸಿದರಾದರೂ ಆ ದಾರಿಯಲ್ಲಿ ನಡೆಯಲು ನಮ್ಮ ಮನೆಗಳು ಹೆಣ್ಣುಮಕ್ಕಳನ್ನು ಕಳುಹಿಸಲಿಲ್ಲ. ಬಂದವರು ಯಾರು? ಯೆಹೂದ್ಯರು, ಆಂಗ್ಲೋ-ಇಂಡಿಯನ್ನರು, ಹಾಡು ಕುಣಿತಗಳ ಮನೆತನದವರು. ರೀನೀ ಸ್ಮಿತ್ ಎಂಬಾಕೆ ಸೀತಾದೇವಿಯಾದಳು. ರೂಬಿ ಮೈಯರ್ಸ್ ಸುಲೋಚನೆಯಾದಳು. ತೆರೆಯ ಮೇಲೆ ಪತಿವ್ರತೆಯ ಕಣ್ಣೀರನ್ನು ನೋಡುವ ಆಶೆ ನಮಗಿದ್ದಿತು. ಆ ಕಣ್ಣೀರನ್ನು ಸುರಿಸತಕ್ಕವಳು ಮಾತ್ರ ಪರರ ಮನೆಯವಳಾಗಬೇಕು, ಆದರೆ ಹೆಸರು ನಮ್ಮದಾಗಬೇಕು! ಇದು ವಿವೇಕವೋ ವಂಚನೆಯೋ ವಾಚಕರೇ ಹೇಳಲಿ.

ಹೆಸರು ಎರವಲಾದರೂ ಕೆಲಸವು ಎರವಲಲ್ಲ. ೧೯೨೬ರಲ್ಲಿ ಬಂದ 'ಟೈಪಿಸ್ಟ್ ಗರ್ಲ್' ಎಂಬ ಚಿತ್ರದಲ್ಲಿ ಆಕೆ ಕಚೇರಿಯಲ್ಲಿ ದುಡಿದು ಬದುಕುವ ಹುಡುಗಿಯಾದಳು. ಪುರಾಣದ ದೇವಿಯರನ್ನೂ ಅಂತಃಪುರದ ರಾಣಿಯರನ್ನೂ ನೋಡಿ ಬಲ್ಲ ಪ್ರೇಕ್ಷಕರಿಗೆ ಸಂಬಳಕ್ಕೆ ದುಡಿಯುವ ಹೆಣ್ಣೊಬ್ಬಳು ಕಥಾನಾಯಿಕೆಯಾಗಬಹುದೆಂಬುದೇ ನವೀನ ವಿಷಯ. ೧೯೨೯ರ 'ಇಂದಿರಾ ಬಿ.ಎ.'ಯಲ್ಲಿ ಆ ನಾಯಿಕೆ ಪದವೀಧರೆಯೂ ಆದಳು. ೧೯೨೭ರ 'ವೈಲ್ಡ್ ಕ್ಯಾಟ್ ಆಫ್ ಬಾಂಬೆ' ಎಂಬುದರಲ್ಲಂತೂ ಆಕೆಯೊಬ್ಬಳದೇ ಎಂಟು ವೇಷ: ತೋಟದ ಮಾಲಿ, ಪೋಲೀಸು ಪೇದೆ, ಹೈದರಾಬಾದಿನ ದೊಡ್ಡ ಮನುಷ್ಯ, ಬೀದಿಯ ಪೋರ, ಹೊಂಗೂದಲಿನ ಐರೋಪ್ಯ ಮಹಿಳೆ ಇತ್ಯಾದಿ. ಹದಿನಾಲ್ಕು ವರ್ಷಗಳ ಹಿಂದೆ ಗಂಡಸು ಸೀರೆಯುಟ್ಟು ತಾರಾಮತಿಯಾದ ತೆರೆಯ ಮೇಲೆಯೇ ಈಗ ಹೆಣ್ಣೊಬ್ಬಳು ರುಮಾಲು ಮೀಸೆಗಳನ್ನು ಧರಿಸಿ ಗಂಡಸಾಗಿ ನಿಂತಳು. ಇದರ ವಿನೋದವನ್ನು ಅಂದಿನ ಪ್ರೇಕ್ಷಕರಲ್ಲಿ ಎಷ್ಟು ಮಂದಿ ಗ್ರಹಿಸಿದರೋ!

ಇಷ್ಟೇ ಅಲ್ಲ. ಕವೀಂದ್ರ ರವೀಂದ್ರನಾಥ ಠಾಕೂರರು ಪ್ರಾಣಿಬಲಿಯನ್ನು ಖಂಡಿಸಿ ಬರೆದ 'ವಿಸರ್ಜನ' ನಾಟಕವು ೧೯೨೭ರಲ್ಲಿ 'ಬಲಿದಾನ'ವೆಂಬ ಚಿತ್ರವಾದಾಗ ಅದರಲ್ಲಿಯೂ ಸುಲೋಚನೆಯು ಪಾತ್ರ ವಹಿಸಿದಳು. ಮುಂದಿನ ವರ್ಷ ಅರ್ದೇಶೀರ್ ಇರಾನಿಯವರ ಇಂಪೀರಿಯಲ್ ಕಂಪನಿಯಲ್ಲಿ 'ಅನಾರ್ಕಲಿ'ಯಾದಳು, 'ಮಾಧುರಿ'ಯಾದಳು. ಯೆಹೂದ್ಯ ವಂಶದ ಹುಡುಗಿ, ಸಂಸ್ಕೃತದ ಹೆಸರು, ಮೊಗಲರ ಅಂತಃಪುರದ ಪಾತ್ರ, ಪಾರಸಿ ಯಜಮಾನನ ಕಂಪನಿ: ಇದಕ್ಕಿಂತ ಮಿಗಿಲಾದ ರಾಷ್ಟ್ರೀಯತೆಯ ಪಾಠವು ಯಾವ ಶಾಲೆಯಲ್ಲಿ ದೊರೆತೀತು? ಮೂಕಚಿತ್ರಕ್ಕೆ ಭಾಷೆಯ ಬೇಲಿಯೂ ಇರಲಿಲ್ಲ. ನಡುನಡುವೆ ಬರುತ್ತಿದ್ದ ನಾಲ್ಕು ಸಾಲಿನ ಬರಹವನ್ನು ಓದಬಲ್ಲವನೊಬ್ಬನು ಗಟ್ಟಿಯಾಗಿ ಹೇಳಿದರೆ ಸಾಕು, ಪಂಜಾಬಿನ ರೈತನೂ ಮದರಾಸಿನ ಗುಮಾಸ್ತನೂ ಒಂದೇ ಮುಖವನ್ನು ನೋಡಿ ಒಂದೇ ರೀತಿಯಲ್ಲಿ ನಗುತ್ತಿದ್ದರು.

ಆ ಕಾಲದ ಇನ್ನೊಂದು ಸಂಗತಿಯನ್ನು ನಮ್ಮ ವಾಚಕರ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇವೆ. ಮಹಾತ್ಮಾ ಗಾಂಧಿಯವರು ಖಾದಿ ಪ್ರದರ್ಶನವೊಂದನ್ನು ಉದ್ಘಾಟಿಸಿದ ದೃಶ್ಯದ ಕಿರುಚಿತ್ರವನ್ನು ಜನರಿಗೆ ತೋರಿಸುವಾಗ ಅದರ ಜೊತೆಗೆ 'ಮಾಧುರಿ'ಯಲ್ಲಿನ ಸುಲೋಚನೆಯ ನೃತ್ಯವೊಂದನ್ನು ಧ್ವನಿ ಸೇರಿಸಿ ತೋರಿಸಿದರು. ಮಹಾತ್ಮರು ಸಿನೆಮಾವನ್ನು ಮೆಚ್ಚಿದವರಲ್ಲವೆಂಬುದು ಪ್ರಸಿದ್ಧವೇ ಇದೆ. ಆದಾಗ್ಯೂ ಖಾದಿಯ ಸುದ್ದಿಯ ಪಕ್ಕದಲ್ಲಿ ಈ ನಟಿಯ ನೃತ್ಯವನ್ನಿಟ್ಟರೆ ಜನರು ಕಿಕ್ಕಿರಿದು ಬರುವರೆಂದು ಚಿತ್ರ ತೋರಿಸುವವರು ಅರಿತಿದ್ದರು. ಈ ಜೋಡಣೆಯನ್ನು ಕೇಳಿ ನಗತಕ್ಕವರು ನಗಲಿ. ಚರಕದ ಮಾತನ್ನು ಕೇಳಲು ಜನರನ್ನು ಕರೆತಂದ ಆ ಕುಣಿತಕ್ಕೂ ರಾಷ್ಟ್ರಕಾರ್ಯದಲ್ಲಿ ಒಂದು ಚೂರು ಪಾಲುಂಟೆಂದು ನಾವು ಎಣಿಸುತ್ತೇವೆ.

ಆಕೆಯ ಸಂಬಳದ ವಿಷಯವಾಗಿ ಒಂದು ಕಥೆ ಪ್ರಚಾರದಲ್ಲಿದೆ. ಇಂಪೀರಿಯಲ್ ಕಂಪನಿಯವರು ಆಕೆಗೆ ತಿಂಗಳಿಗೆ ೫,೦೦೦ ರೂಪಾಯಿ ಕೊಡುತ್ತಿದ್ದರೆಂದೂ ಅದು ಮುಂಬಯಿಯ ಗವರ್ನರರ ವೇತನಕ್ಕಿಂತ ಅಧಿಕವೆಂದೂ ಬರೆದವರು ಬರೆಯುತ್ತಲೇ ಇದ್ದಾರೆ. ನಮ್ಮ ವಾಚಕರಲ್ಲಿ ಅಧಿಕಾರಿಗಳು ಬಹುಮಂದಿ ಇರುವುದರಿಂದ ಲೆಕ್ಕವನ್ನು ಸ್ವಲ್ಪ ನೋಡೋಣ. ೧೯೩೫ರ ಕಾಯಿದೆಯ ಮೇರೆಗೆ ಮುಂಬಯಿಯ ಗವರ್ನರರ ವಾರ್ಷಿಕ ವೇತನವು ೧,೨೦,೦೦೦ ರೂಪಾಯಿ, ಎಂದರೆ ತಿಂಗಳಿಗೆ ಹತ್ತು ಸಾವಿರ. ಕಥೆಯು ಲೆಕ್ಕಕ್ಕೆ ನಿಲ್ಲುವುದಿಲ್ಲ. ಆದರೂ ಅದು ಇಷ್ಟು ಕಾಲ ಜನರ ಬಾಯಲ್ಲಿ ಉಳಿದದ್ದೇಕೆ? ಬಿಳಿಯ ದೊರೆಗಿಂತ ನಮ್ಮ ತೆರೆಯ ರಾಣಿಯೇ ಮೇಲೆಂದು ಹೇಳಿಕೊಳ್ಳುವುದರಲ್ಲಿ ಪರಾಧೀನ ಜನರಿಗೊಂದು ಸಮಾಧಾನವಿದ್ದಿತು. ಹಾಗೆ ಹೇಳಿ ಸಂತೋಷಪಟ್ಟವರೇ ತಮ್ಮ ಮಗಳು ಚಿತ್ರದಲ್ಲಿ ಅಭಿನಯಿಸುವೆನೆಂದರೆ ಬಾಗಿಲಿಗೆ ಅಗುಳಿ ಹಾಕುತ್ತಿದ್ದರೆಂಬುದನ್ನು ಮರೆಯಬಾರದು. ಆಕೆಯ ಮೋಟಾರು ಗಾಡಿ, ಆಕೆಯ ಪ್ರಣಯ ಇವುಗಳ ಮೇಲೂ ಬೇಕಾದಷ್ಟು ಮಸಿ ಖರ್ಚಾಗಿದೆ. ನಾವು ಅದಕ್ಕೆ ಇನ್ನಷ್ಟು ಕೂಡಿಸಲಾರೆವು.

೧೯೩೧ನೆಯ ಇಸವಿ ಮಾರ್ಚಿ ೧೪ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ಪ್ರಾರಂಭವಾಯಿತು, ತೆರೆಯು ಮಾತನಾಡತೊಡಗಿತು. ಅದನ್ನು ತಯಾರಿಸಿದವರು ಸುಲೋಚನೆಯ ಯಜಮಾನರಾದ ಇರಾನಿಯವರೇ. ಆದರೆ ನಾಯಿಕೆಯ ಪಾತ್ರವು ಆಕೆಯ ಪಾಲಿಗೆ ಬರಲಿಲ್ಲ, ಜುಬೇದಾ ಎಂಬಾಕೆಗೆ ಹೋಯಿತು. ಕಾರಣವು ಸ್ಪಷ್ಟ: ಸುಲೋಚನೆಗೆ ಹಿಂದುಸ್ತಾನಿ ಸರಿಯಾಗಿ ಬಾರದು. ಆರು ವರ್ಷಗಳ ಕಾಲ ಮಾತಿಲ್ಲದೆ ಆಳಿದವಳಿಗೆ ಮಾತೇ ಮೃತ್ಯುವಾಗಿ ಬಂದಂತಾಯಿತು. ಆಗ ಆಕೆ ಮಾಡಿದ ಕೆಲಸವೇ ನಮ್ಮ ದೃಷ್ಟಿಯಲ್ಲಿ ಆಕೆಯ ಜೀವನದ ಅತ್ಯಂತ ಶ್ಲಾಘ್ಯವಾದ ಭಾಗ. ಆಕೆ ಅಳುತ್ತ ಕೂಡಲಿಲ್ಲ, ಕಾಲವನ್ನು ಹಳಿಯಲಿಲ್ಲ. ಸುಮಾರು ಒಂದು ವರ್ಷ ಅಭಿನಯವನ್ನು ಬದಿಗಿಟ್ಟು ಹಿಂದುಸ್ತಾನಿಯನ್ನು ಕಲಿತಳು. ಕಲಿತು, ತನ್ನ 'ಮಾಧುರಿ'ಯನ್ನೇ ೧೯೩೨ರಲ್ಲಿ ವಾಕ್ಚಿತ್ರವಾಗಿ ಮತ್ತೆ ಮಾಡಿ ಜಯಶಾಲಿನಿಯಾದಳು. ಬಿ.ಎ. ಆಗಿದ್ದ ಇಂದಿರೆಯು ೧೯೩೪ರಲ್ಲಿ 'ಇಂದಿರಾ ಎಂ.ಎ.' ಆದಳು, ಅನಾರ್ಕಲಿಯು ೧೯೩೫ರಲ್ಲಿ ಬಾಯಿಬಿಟ್ಟು ಮಾತನಾಡಿದಳು. ನಮ್ಮ ನಾಡಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಅನ್ನ ನೀರು ಉಂಡು, ಹುದ್ದೆಯ ಮೇಲೆ ಹುದ್ದೆಗೇರಿ, ಮನೆಗೆ ಹಾಲು ತರುವವನೊಡನೆ ಕನ್ನಡದಲ್ಲಿ ನಾಲ್ಕು ಮಾತಾಡಲು ಬಾರದೆಂದು ಹೇಳಿಕೊಳ್ಳುವ ಮಹನೀಯರು ಈ ನಟಿಯ ಒಂದು ವರ್ಷದ ಅಭ್ಯಾಸವನ್ನು ಸ್ವಲ್ಪ ಚಿಂತಿಸಿದರೆ ಒಳಿತು.

ಆ ಮೇಲಿನ ಕಥೆಯು ಇಳಿಜಾರಿನದು. ಮೂವತ್ತರ ದಶಕದ ಕೊನೆಗೆ ಇಂಪೀರಿಯಲ್ ಕಂಪನಿಯು ಮುಚ್ಚಿತು. ಆಕೆ 'ರೂಬಿ ಪಿಕ್ಸ್' ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದ್ದುಂಟು. ಅದು ಆಕೆಯನ್ನು ದಡ ಸೇರಿಸಲಿಲ್ಲ. ಹೊಸ ಮುಖಗಳೂ ಹೊಸ ಕಂಠಗಳೂ ಬಂದವು. ೧೯೪೭ರ 'ಜುಗ್ನು' ಎಂಬ ಚಿತ್ರದಲ್ಲಿ ಆಕೆಯದೊಂದು ಪಾತ್ರವಿದ್ದಿತು. ಮುಂಬಯಿ ಸರ್ಕಾರದವರು, ಶ್ರೀ ಮೊರಾರ್ಜಿ ದೇಸಾಯಿಯವರು ಗೃಹಮಂತ್ರಿಗಳಾಗಿದ್ದಾಗ, ನೀತಿಗೆ ವಿರುದ್ಧವೆಂದು ಆ ಚಿತ್ರವನ್ನೇ ನಿಷೇಧಿಸಿದರು. ಪರರಾಜ್ಯವು ತೊಲಗಿದ ಹೊಸದರಲ್ಲಿಯೇ ಸ್ವರಾಜ್ಯದ ಕತ್ತರಿಯು ಹರಿತವಾಗಿದ್ದಿತೆಂಬುದಕ್ಕೆ ಇದೊಂದು ನಿದರ್ಶನ. ೧೯೫೩ರಲ್ಲಿ 'ಅನಾರ್ಕಲಿ'ಯು ಮೂರನೆಯ ಬಾರಿ ತಯಾರಾದಾಗ ನಾಯಿಕೆಯು ಬೀನಾ ರಾಯ್. ಎರಡು ಸಲ ಅನಾರ್ಕಲಿಯಾಗಿ ಮೆರೆದ ಸುಲೋಚನೆಯು ಸಲೀಮನ ತಾಯಿಯಾಗಿ ಒಂದು ಬದಿಯಲ್ಲಿ ನಿಂತಳು. ಅಲ್ಲಿಂದಾಚೆಗೆ ಚಿಕ್ಕಪುಟ್ಟ ಪಾತ್ರಗಳು. ಕೇಂದ್ರ ಸರ್ಕಾರದವರು ೧೯೭೩ರ ಸಾಲಿನ ದಾದಾಸಾಹೇಬ ಫಾಳ್ಕೆ ಪ್ರಶಸ್ತಿಯನ್ನು ಆಕೆಗಿತ್ತು ಗೌರವಿಸಿದರು. ಆ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ದೇವಿಕಾ ರಾಣಿಯವರಾದರೆ ಎರಡನೆಯವಳು ಈಕೆ. ೧೯೮೩ರ ಅಕ್ಟೋಬರ್ ೧೦ರಂದು ಮುಂಬಯಿಯಲ್ಲಿ ಆಕೆ ಕಾಲವಾದಳು.

ಕನ್ನಡ ನಾಡಿನಲ್ಲಿ ಈ ಕಟ್ಟನ್ನು ಮುರಿದವರ ಹೆಸರನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಸುಲೋಚನೆಯನ್ನು ತೆರೆಗೆ ತಂದ ಅದೇ ಭವನಾನಿಯವರು ಮೂಕಚಿತ್ರಗಳ ಕಡೆಗಾಲದಲ್ಲಿ ಮೈಸೂರು ಸೀಮೆಗೆ ಬಂದು, ಶೂದ್ರಕನ ಮೃಚ್ಛಕಟಿಕವನ್ನು 'ವಸಂತಸೇನಾ' ಎಂಬ ಚಿತ್ರವಾಗಿ ಮಾಡಿದರು. ಅದರಲ್ಲಿ ನಮ್ಮ ಕೈಲಾಸಂ ಇದ್ದರು. ಮಂಗಳೂರಿನಲ್ಲಿ ಹುಟ್ಟಿ, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಕಂಡ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಅವರು ಬೇರೆ ಹೆಸರನ್ನು ಎರವಲು ಪಡೆಯಲಿಲ್ಲ. ಆದರೆ ಅವರ ಬೆನ್ನಿಗೆ ವಿದ್ಯೆ, ಕುಲ, ರಾಷ್ಟ್ರೀಯ ಚಳವಳಿಯ ಕೀರ್ತಿ ಇಷ್ಟೂ ಇದ್ದವು. ಟೆಲಿಫೋನ್ ಕಚೇರಿಯಿಂದ ಬಂದ ಹುಡುಗಿಗೆ ಅವುಗಳಲ್ಲಿ ಯಾವುದೂ ಇರಲಿಲ್ಲವೆಂಬುದನ್ನು ತೂಗಿ ನೋಡಬೇಕು.

ಇನ್ನು ಆಕೆಯನ್ನು ನೋಡಬೇಕೆಂದರೆ ಎಲ್ಲಿ ನೋಡುವುದು? ಭರತಖಂಡದಲ್ಲಿ ತಯಾರಾದ ಮೂಕಚಿತ್ರಗಳು ಸುಮಾರು ೧,೩೦೦ ಎಂದು ಎಣಿಕೆಯುಂಟು. ಪೂರ್ಣವಾಗಿಯೋ ತುಂಡುತುಂಡಾಗಿಯೋ ಉಳಿದಿರುವವು ಹೆಚ್ಚು ಕಡಿಮೆ ಮೂವತ್ತು ಮಾತ್ರ. ಆಕೆ ಎಂಟು ವೇಷ ಹಾಕಿದ ಚಿತ್ರವು ಇಂದು ಇಲ್ಲ. ಆ ಕಾಲದ ಫಿಲ್ಮು ನೈಟ್ರೇಟಿನಿಂದ ಮಾಡಿದ್ದು. ಕಾಲಕ್ರಮದಲ್ಲಿ ಅಂಟು ಅಂಟಾಗಿ, ಕಡೆಗೆ ಪುಡಿಯಾಗಿ ಹೋಗತಕ್ಕದ್ದು. ಹಾಗೆ ಹಾಳಾದದ್ದು ಕೆಲವು. ಬೆಂಕಿಗೆ ಆಹುತಿಯಾದದ್ದು ಕೆಲವು. ಫಿಲ್ಮಿನಲ್ಲಿರುವ ಬೆಳ್ಳಿಯ ಅಂಶಕ್ಕಾಗಿ ಗುಜರಿಯವರಿಗೆ ತೂಕದ ಮೇಲೆ ಮಾರಿದ್ದೂ ಉಂಟು. ದೇಗುಲದ ಒಡೆದ ವಿಗ್ರಹಕ್ಕೂ ತಾಳೆಗರಿಯ ತುಂಡಿಗೂ ಕಾನೂನಿನ ರಕ್ಷಣೆಯನ್ನು ಕೊಡುವ ನಾವು ಚಿತ್ರವನ್ನು ಒಡವೆಯೆಂದು ಎಣಿಸಲೇ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರವು ಸ್ಥಾಪಿತವಾದದ್ದು ೧೯೬೪ರಲ್ಲಿ. ಮೂಕಚಿತ್ರಗಳ ಕಾಲವು ಮುಗಿದು ಮೂವತ್ತು ವರ್ಷ ಕಳೆದ ಮೇಲೆ.

ನಮ್ಮ ಊರುಗಳಲ್ಲಿ ಹಿಂದೆ ಡೇರೆ ಹಾಕಿ ಚಿತ್ರ ತೋರಿಸುತ್ತಿದ್ದವರ ಮನೆತನಗಳು ಇಂದಿಗೂ ಇವೆ. ಅಟ್ಟದ ಮೇಲೆ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿಗಳಿದ್ದರೆ ಅವುಗಳನ್ನು ಗುಜರಿಗೆ ಹಾಕಬಾರದೆಂದು ಅವರಲ್ಲಿ ನಮ್ಮ ವಿಜ್ಞಾಪನೆ. ಪುಣೆಯ ಭಂಡಾರಕ್ಕೆ ಒಂದು ಕಾಗದ ಬರೆಯಲಿ. ಬರೆಯಲು ತಿಳಿಯದಿದ್ದರೆ ನಮ್ಮ ಕಚೇರಿಗೆ ಬಂದು ತಿಳಿಸಲಿ, ನಾವು ಬರೆದುಕೊಡುತ್ತೇವೆ. ಪ್ರತ್ಯುತ್ತರವು ಬರುವವರೆಗೆ ಡಬ್ಬಿಗಳನ್ನು ತಂಪಾದ ಸ್ಥಳದಲ್ಲಿಟ್ಟು, ಒಲೆಯ ಬಳಿಗಾಗಲಿ ದೀಪದ ಬಳಿಗಾಗಲಿ ಒಯ್ಯಕೂಡದು. ಆ ಫಿಲ್ಮು ಬಹುಬೇಗ ಹೊತ್ತಿಕೊಳ್ಳುವ ಜಾತಿಯದು.