ಕುದುರೆ ಹತ್ತಿ ನೋಡ್ರಿ, ಸುಳಿ ಆಮೇಲೆ ನೋಡ್ರಿ

ಡಿಸೆಂಬರ್ ಬಂತೆಂದರೆ ಪುಣೆಯ ಕುದುರೆ ಹುಚ್ಚಿನ ಮಂದಿಗೆ ಸಾರಂಗಖೇಡದ ಗುಂಗು ಹಿಡಿಯುತ್ತೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ನಂದುರಬಾರ್ ಜಿಲ್ಲೆಯಲ್ಲಿ ತಾಪಿ ನದಿಯ ದಂಡೆಗಿರೋ ಊರು ಅದು. ಏಕಮುಖಿ ದತ್ತನ ಗುಡಿ ಇದೆ, ದತ್ತ ಜಯಂತಿಗೆ ಜಾತ್ರೆ, ಜಾತ್ರೆ ಜೊತೆಗೇ ಕುದುರೆ ಸಂತೆ. ಕಿವಿಯ ತುದಿ ತುದಿ ಕೂಡುವ ಮಾರವಾಡಿ, ಕಾಠಿಯಾವಾಡಿ, ಗುಲಾಬಿ ಚರ್ಮದ ಬಿಳಿ ನುಕ್ರಾ, ಎಲ್ಲಾ ಬರುತ್ತವೆ. ನೋಡೋಕೆ ಹೋಗುವವರು ಖಂಡಿತ ಹೋಗಿ, ಕಣ್ಣಿಗೆ ಹಬ್ಬ. ಆದರೆ ಅಲ್ಲಿ ಅರ್ಧ ಗಂಟೆ ನಿಂತು, ಒಂದು ಸುತ್ತು ಓಟ ನೋಡಿ, ನೋಟು ಎಣಿಸಿ ಕುದುರೆಯನ್ನು ಲಾರಿ ಹತ್ತಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಈಗಂತೂ ಕೆಲವರು ಸಂತೆಗೂ ಹೋಗೋದಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಟೋಕನ್ ಹಣ ಕಳಿಸಿಬಿಡ್ತಾರೆ!

ಇದನ್ನೆಲ್ಲ ಹೇಳೋಕೆ ನೀವ್ಯಾರ್ರೀ ಅಂತ ಕೇಳಬಹುದು. ನಾನು ಸವಾರನಲ್ಲ, ಲೆಕ್ಕ ಬರೆಯುವವ. ಧಾರವಾಡ ಬಿಟ್ಟು ಪುಣೆಗೆ ಬಂದು ಮೂವತ್ತೊಂದು ವರ್ಷವಾಯ್ತು. ಅದರಲ್ಲಿ ಇಪ್ಪತ್ತೆರಡು ವರ್ಷ ಊರ ಹೊರಗಿನ ಒಂದು ರೈಡಿಂಗ್ ಶಾಲೆಯ ಪುಸ್ತಕ ನೋಡಿಕೊಂಡೆ. ಹುಲ್ಲು, ಕಡಲೆ, ಬೂಸಾ, ಲಾಳ, ಡಾಕ್ಟರ್ ಬಿಲ್ಲು, ಎಲ್ಲಾ ನನ್ನ ಕೈಮೇಲೇ ಹೋಗ್ತಿದ್ದವು. ಜನ ಸ್ವಂತ ಕುದುರೆ ತಂದು ನಮ್ಮ ಲಾಯದಲ್ಲಿ ಕಟ್ಟುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ ಹಾರ ಹಾಕಿಸಿಕೊಂಡು ಬಂದ ಕುದುರೆ ಮಳೆಗಾಲ ಮುಗಿಯೋದರೊಳಗೆ ಅರ್ಧ ಬೆಲೆಗೆ ಹೋಗಿದ್ದನ್ನು ಎಷ್ಟು ಸಲ ಬರೆದಿದ್ದೀನೋ ಲೆಕ್ಕವಿಲ್ಲ. ಹಾಗೆ ಹೋದ ಕುದುರೆ ಇನ್ನೊಂದು ಒಳ್ಳೆ ಮನೆಗೆ ಹೋಗೋದು ಅಪರೂಪ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೆಲ್ಲಿಗೋ, ಪ್ರತಿ ಸಲ ಒಂದು ಮೆಟ್ಟಿಲು ಕೆಳಗೆ.

ಈಗ ಇದನ್ನು ಬರೆಯೋಕೆ ಕಾರಣ ನಮ್ಮ ಕಟ್ಟಡದಲ್ಲೇ ಇದೆ. ವಿಜಯಪುರ ಕಡೆಯ ಸ್ನೇಹಿತರೊಬ್ಬರು ರಿಟೈರ್ ಆಗಿ, ಸಾಸವಡ ಹತ್ತಿರ ತುಂಡು ಭೂಮಿ ಮಾಡಿದ್ದಾರೆ. ಅವರ ಮೊಮ್ಮಗಳಿಗೆ ಹದಿನಾಲ್ಕು. ಎರಡು ವರ್ಷದಿಂದ ಸವಾರಿ ಕಲಿಯುತ್ತಿದ್ದಾಳೆ, ನನಗೆ ಅಜ್ಜಾ ಅಂತಾಳೆ. ಪಿ.ಎಫ್. ದುಡ್ಡಲ್ಲಿ ಅವಳಿಗೊಂದು ಕುದುರೆ ಅಂತ ಅವರ ಆಸೆ. ವಿಡಿಯೋ ತೋರಿಸಿದರು. ಬಿಳಿ ಕುದುರೆ, ರೇವಾಲ್ ಚಾಲು, ಮೇಲೆ ಕೂತವನ ಕೈಯಲ್ಲಿ ತುಂಬಿದ ನೀರಿನ ಲೋಟ, ಒಂದು ಹನಿ ಚೆಲ್ಲಲಿಲ್ಲ.

"ದೇವಮಣ್ ಸುಳಿ ಐತ್ರಿ, ಗಂಟಲ ಕೆಳಗ. ಇನ್ನೇನ್ ನೋಡೂದು?" ಅಂದರು.

"ಅಣ್ಣಾರ, ಸುಳಿ ಮ್ಯಾಲ ಕೂಡಾಕಿ ಅಲ್ರಿ ನಮ್ಮ ಹುಡುಗಿ, ಕುದುರಿ ಮ್ಯಾಲ ಕೂಡಾಕಿ" ಅಂದೆ. ಅವರಿಗೆ ಸ್ವಲ್ಪ ಬೇಜಾರಾಯ್ತು, ಆಗಲಿ ಬಿಡಿ :)

ಸುಳಿ ಸುಳ್ಳು ಅಂತ ನಾನು ವಾದಕ್ಕಿಳಿಯೋದಿಲ್ಲ. ನಮ್ಮ ಕಡೆ ಎತ್ತಿಗೂ ಸುಳಿ ನೋಡ್ತಾರೆ, ಹಣೆಯೂ ನಾಲ್ಕು ಕಾಲೂ ಬೆಳ್ಳಗಿದ್ದರೆ ಪಂಚಕಲ್ಯಾಣಿ ಅಂತ ಕುದುರೆಗೆ ಕೈ ಮುಗಿಯೋರೂ ಇದ್ದಾರೆ. ಆದರೆ ಸುಳಿಗಾಗಿ ಮೂವತ್ತು ಸಾವಿರ ಹೆಚ್ಚು ಕೊಡುವ ಮನುಷ್ಯ ಡಾಕ್ಟರಿಗೆ ಮೂರು ಸಾವಿರ ಕೊಡಲು ಚೌಕಾಶಿ ಮಾಡ್ತಾನಲ್ಲ, ಅದು ನನಗೆ ಅರ್ಥವಾಗೋದಿಲ್ಲ. ಎತ್ತಿನ ಸಂತೆ ಅಂದರೆ ನಮಗೆಲ್ಲ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸೋದು ನೆನಪಾಗುತ್ತೆ. ಅದಕ್ಕೂ ಮೊದಲು ನಡೆಯೋದು ಮರೆತೇಹೋಗಿದೆ. ನನ್ನ ಸೋದರಮಾವ ಹಲ್ಲು ನೋಡಿ, ಗಾಡಿಗೆ ಹೂಡಿ, ಏರು ಹತ್ತಿಸಿ, ಬಲಕ್ಕೆ ಹೂಡಿದ್ದನ್ನು ಎಡಕ್ಕೆ ಹೂಡಿ ನೋಡುತ್ತಿದ್ದ. ಸುಳಿಯನ್ನೂ ನೋಡುತ್ತಿದ್ದ, ಇಲ್ಲ ಅನ್ನಲ್ಲ. ಆದರೆ ಹೂಡದೇ ಎಂದೂ ದುಡ್ಡು ಬಿಚ್ಚಲಿಲ್ಲ. ಆ ಮನೆಗಳಿಂದ ಬಂದ ನಾವು ಕುದುರೆ ವಿಷಯ ಬಂದಾಗ ಯಾಕೆ ಹೀಗೆ ಮರುಳಾಗ್ತೀವಿ?

ವಿಡಿಯೋದಲ್ಲಿ ಇರೋದು ಮಾರುವವನಿಗೆ ಬೇಕಾದ ಮೂರು ನಿಮಿಷ. ಅದಕ್ಕೂ ಮುಂಚೆ ಕುದುರೆಯನ್ನು ಒಂದು ತಾಸು ಓಡಿಸಿ ದಣಿಸಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತೆ? ಹಾಗಾಗಿ ಹೇಳಿದ ಹೊತ್ತಿಗಿಂತ ಮುಂಚೆಯೇ ಹೋಗಬೇಕು. ಎದೆ, ಜೀನಿನ ಜಾಗ ಮುಟ್ಟಿ ನೋಡಬೇಕು, ಬೆವರು ಹಸಿಯಿದೆಯಾ ಅಂತ. ಲಾಯದ ಮರದ ಪಟ್ಟಿ ಕಡಿದಿದೆಯಾ ನೋಡಿ, ಮರ ಕಚ್ಚಿ ಗಾಳಿ ಎಳೆಯುವ ಚಟ ಇದ್ದರೆ ಅಲ್ಲೇ ಗೊತ್ತಾಗುತ್ತೆ. ಕಟ್ಟು ಬಿಚ್ಚುವಾಗ, ಕಡಿವಾಣ ಹಾಕುವಾಗ, ಜೀನಿನ ಪಟ್ಟಿ ಬಿಗಿಯುವಾಗ ಅದು ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸುತ್ತಾ? ನಾಲ್ಕೂ ಕಾಲು ಎತ್ತಲು ಬಿಡುತ್ತಾ? ಬಿಡದಿದ್ದರೆ ತಿಂಗಳು ತಿಂಗಳು ಲಾಳದವನ ಜೊತೆ ಕುಸ್ತಿ ನಿಮ್ಮದೇ.

ಆಮೇಲೆ ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ನೇರವಾಗಿ ದುಲ್ಕಿ ಓಡಿಸಿ. ಹಗ್ಗ ಬಿಗಿ ಹಿಡಿದರೆ ತಲೆ ಕಾಣೋದಿಲ್ಲ, ಕೆಲವರು ಬೇಕಂತಲೇ ಹಿಡೀತಾರೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ತಲೆ ಮೇಲೇಳುತ್ತೆ, ಒಳ್ಳೆ ಕಾಲು ಊರುವಾಗ ತಗ್ಗುತ್ತೆ. ಇದನ್ನು ನನಗೆ ಕಲಿಸಿದ್ದು ಅಕ್ಷರ ಬಾರದ ಒಬ್ಬ ಸಾಯಿಸ್, ಅವನ ಕಣ್ಣು ತಪ್ಪಿದ್ದು ನಾನು ನೋಡಿಲ್ಲ.

ಸವಾರಿ ಮಾತ್ರ ಮೊದಲು ಮಾರುವವನೇ ಮಾಡಬೇಕು. ಅವನು ಹತ್ತದ ಕುದುರೆಯನ್ನು ನೀವು ಹತ್ತಬೇಡಿ, ಮಕ್ಕಳನ್ನಂತೂ ಹತ್ತಿಸಲೇಬೇಡಿ. ಆಮೇಲೆ ನಿಮ್ಮಲ್ಲಿ ಚೆನ್ನಾಗಿ ಬಲ್ಲವರು, ಕೊನೆಗೆ ನಿಜವಾಗಿ ಸವಾರಿ ಮಾಡುವವರು. "ಚಾಲ್ ಬಘಾ ಸಾಹೇಬ್" ಅಂತ ಅವನು ರೇವಾಲ್ ನಡಿಗೆಯನ್ನೇ ಹತ್ತು ಸಲ ತೋರಿಸ್ತಾನೆ. ನೀವು ನೋಡಬೇಕಾದ್ದು ಬೇರೆ. ಹತ್ತುವಾಗ ಸುಮ್ಮನೆ ನಿಲ್ಲುತ್ತಾ? ಲಗಾಮು ಎಳೆದರೆ ನಿಲ್ಲುತ್ತಾ? ಎಡಕ್ಕೂ ಬಲಕ್ಕೂ ಒಂದೇ ಥರ ತಿರುಗುತ್ತಾ? ಎಲ್ಲಕ್ಕಿಂತ ಮುಖ್ಯ, ಬೇರೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ದೂರ ಹೋಗುತ್ತಾ, ಲಾಯದ ಕಡೆ ಮುಖ ತಿರುಗಿಸಿದಾಗ ಓಟ ಕೀಳುತ್ತಾ? ಸಂತೆಯಲ್ಲಿ ಸುತ್ತ ನೂರು ಕುದುರೆ ಇರುವಾಗ ಎಲ್ಲವೂ ಸಾಧುವೇ. ಸಾಸವಡದ ಹೊಲದಲ್ಲಿ ಒಂದೇ ಇರುತ್ತಲ್ಲ, ಪಕ್ಕದಲ್ಲಿ ಟ್ರ್ಯಾಕ್ಟರ್ ಹೋಗುತ್ತಲ್ಲ, ಅಲ್ಲಿ ಹೇಗಿರುತ್ತೆ ಅನ್ನೋದೇ ಪ್ರಶ್ನೆ.

ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಅಗ್ಗಕ್ಕೆ ಸಿಗುತ್ತೆ ಅಂತ ಕೆಲವರು ಅತ್ತ ಹೋಗ್ತಾರೆ. ಅವು ಕೆಟ್ಟವಲ್ಲ. ಆದರೆ ಲಗಾಮು ಬಿಗಿಯಾದಷ್ಟೂ ಅದಕ್ಕೆ ಆತು ಓಡೋದನ್ನು ಕಲಿತ ಕುದುರೆಯ ಮೇಲೆ ಹೆದರಿದ ಹುಡುಗಿ ಲಗಾಮು ಜಗ್ಗಿದರೆ ಏನಾಗುತ್ತೆ, ನೀವೇ ಯೋಚಿಸಿ. ಹೊಸದಾಗಿ ಕಲಿಸೋಕೆ ತಿಂಗಳುಗಟ್ಟಲೆ ಬೇಕು.

ಒಂದೇ ದಿನದ ಪರೀಕ್ಷೆ ಪರೀಕ್ಷೆಯಲ್ಲ. ನಮ್ಮ ಲಾಯಕ್ಕೆ ಬಂದ ಒಂದು ಹೆಣ್ಣು ಕುದುರೆ ಮೊದಲೆರಡು ದಿನ ಆಕಳಿನಂತಿತ್ತು. ನಾಲ್ಕನೇ ದಿನ ಒಡೆಯನ ಮಗಳನ್ನು ಎತ್ತಿ ಒಗೆಯಿತು, ಕೊರಳಪಟ್ಟಿ ಮೂಳೆ ಮುರಿಯಿತು. ಮತ್ತಿನ ಮದ್ದು ಕೊಟ್ಟೇ ಮಾರಿರಬೇಕು ಅಂತ ಡಾಕ್ಟರ್ ಅನುಮಾನಪಟ್ಟರು, ಸಾಬೀತು ಮಾಡೋದು ಹೇಗೆ? ನೋವಿನ ಮದ್ದು ಕೊಟ್ಟರೆ ಕುಂಟೂ ಕೆಲಕಾಲ ಮಾಯವಾಗುತ್ತೆ. ಅದಕ್ಕೇ ಮೂರ್ನಾಲ್ಕು ದಿನ ಬಿಟ್ಟು, ಹೇಳದೇ ಇನ್ನೊಮ್ಮೆ ಹೋಗಿ ಅನ್ನೋದು.

ಡಾಕ್ಟರ್ ಅಂದರೆ ನಿಮ್ಮ ಡಾಕ್ಟರ್, ಮಾರುವವನ ಪರಿಚಯದವರಲ್ಲ. ವಯಸ್ಸು ಹಲ್ಲಿನಲ್ಲಿದೆ: ಎದುರಿನ ಹಲ್ಲುಗಳೆಲ್ಲ ಬದಲಾಗಿ ಬಾಯಿ ತುಂಬೋದು ಐದನೇ ವರ್ಷಕ್ಕೆ, ಮೇಲಿನ ಮೂಲೆ ಹಲ್ಲಿನಲ್ಲಿ ಗೀರು ಕಾಣಿಸೋದು ಸುಮಾರು ಹತ್ತಕ್ಕೆ. "ಆರು ವರ್ಷ" ಅಂದ ಕುದುರೆಗೆ ಆ ಗೀರು ಅರ್ಧ ಇಳಿದಿದ್ದರೆ ನಮಸ್ಕಾರ ಹೇಳಿ ಎದ್ದುಬನ್ನಿ. ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆಯನ್ನಂತೂ ಬಿಡಲೇಬಾರದು. ಅದು ಮನುಷ್ಯರಿಗೂ ಅಂಟುವ ರೋಗ. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಇಲ್ಲ, ಅದನ್ನು ಕೊಲ್ಲಲೇಬೇಕು. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಒಂದು ರಾಷ್ಟ್ರೀಯ ಯೋಜನೆ ಮಾಡಿತು.

ಇನ್ನೊಂದು ಮಾತು, ಭಾರದ್ದು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಅನ್ನೋ ಲೆಕ್ಕವಿದೆ. 350 ಕಿಲೋ ಕುದುರೆಗೆ 70 ಕಿಲೋ. ಮೊಮ್ಮಗಳಿಗೆ ಅಡ್ಡಿಯಿಲ್ಲ, ನಮ್ಮ ಸ್ನೇಹಿತರೂ ಸಂಜೆ ಒಂದು ಸುತ್ತು ಹಾಕುವ ಕನಸು ಕಂಡಿದ್ದರೆ ಅದನ್ನು ಕೈಬಿಡಬೇಕು.

ಕಾನೂನಿನ ಒಂದು ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮಿನಲ್ಲಿ "ಒಪ್ಪಿಗೆಯಾದರೆ ಖರೀದಿ" ಅನ್ನೋ ಪದ್ಧತಿಗೆ ಜಾಗ ಇದೆ. ಇಷ್ಟು ದಿನ ಇಟ್ಟುಕೊಂಡು ನೋಡ್ತೀನಿ, ಒಗ್ಗದಿದ್ದರೆ ವಾಪಸ್ಸು ಅಂತ ಬರೆದುಕೊಂಡರೆ, ನೀವು ಒಪ್ಪುವ ತನಕ ಕುದುರೆ ಮಾರುವವನದೇ. ಅವಧಿ ಮುಗಿದರೂ ಬೇಡ ಅಂತ ತಿಳಿಸದೇ ಇಟ್ಟುಕೊಂಡರೆ ಮಾತ್ರ ನಿಮ್ಮದಾಗುತ್ತೆ, ತಾರೀಖು ನೆನಪಿಡಿ. ಆ ದಿನಗಳಲ್ಲಿ ಕುದುರೆಗೆ ಏಟಾದರೆ ಯಾರ ಹೊಣೆ, ಮೇವು ಯಾರದ್ದು, ಅದನ್ನೂ ಬರೆಯಿರಿ. ಬಾಯಿಮಾತು ಬೇಡ.

ಸಾಸವಡದ ಅಣ್ಣಾರ ಟೋಕನ್ ಹಣ ಇನ್ನೂ ಕಳಿಸಿಲ್ಲ. ಬಿಳಿ ಕುದುರೆಯವನು ಒಂದು ದಿನವೂ ಬಿಟ್ಟುಕೊಡಲ್ಲ, ಗಿರಾಕಿ ಸಾಲು ನಿಂತಿದ್ದಾರೆ ಅಂದನಂತೆ. ನಿಲ್ಲಲಿ. ಇಲ್ಲೇ ಹತ್ತಿರದಲ್ಲಿ ಹನ್ನೊಂದು ವರ್ಷದ ಕಂದು ಬಣ್ಣದ ಒಂದು ಹೆಣ್ಣು ಕುದುರೆ ಇದೆ. ಸುಳಿಯೂ ಇಲ್ಲ, ಕಿವಿಯೂ ಅಂಥಾ ಚೆಂದವಿಲ್ಲ. ಅದರ ಒಡೆಯ ಹತ್ತು ದಿನಕ್ಕೆ ಬರೆದುಕೊಡಲು ಒಪ್ಪಿದ್ದಾನೆ. ಹುಡುಗಿ ಎರಡು ಸಲ ಹತ್ತಿ ಬಂದಿದ್ದಾಳೆ, ಮೂರನೇ ಸಲ ಈ ಭಾನುವಾರ, ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ.