ಕೊಪ್ಪಳ ಜಿಲ್ಲೆಯಲ್ಲಿ ಕೊಳವೆ ಅನಿಲ: ಗುರಿ ಮೂರು ಜಿಲ್ಲೆಗಳಿಗೆ, ಅರ್ಜಿ ಒಂದು ಮನೆಗೆ

ಕೊಳವೆಯ ಮೂಲಕ ಅಡುಗೆಮನೆಗೆ ನೈಸರ್ಗಿಕ ಅನಿಲ ಪಡೆಯಲು ಬಯಸುವ ಕೊಪ್ಪಳ ಜಿಲ್ಲೆಯ ನಾಗರಿಕರಿಗೆ ಸಂಸ್ಥೆಯನ್ನು ಆಯ್ದುಕೊಳ್ಳುವ ಅವಕಾಶವಿರುವುದಿಲ್ಲ. 2006ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಅಧಿನಿಯಮದಂತೆ ನಗರ ಅನಿಲ ವಿತರಣೆಗಾಗಿ ಭೌಗೋಳಿಕ ಪ್ರದೇಶಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಸ್ಪರ್ಧಾತ್ಮಕ ಬಿಡ್ ಮೂಲಕ ಒಂದು ಸಂಸ್ಥೆಗೆ ಅಧಿಕಾರಪತ್ರ ನೀಡಲಾಗುತ್ತದೆ. 2019ರಲ್ಲಿ ಮುಕ್ತಾಯಗೊಂಡ 10ನೆಯ ಸುತ್ತಿನಲ್ಲಿ ಬಾಗಲಕೋಟೆ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳು ಒಂದೇ ಭೌಗೋಳಿಕ ಪ್ರದೇಶವಾಗಿ ಸೇರಿವೆ. ನೆರೆಯ ಗದಗ ಜಿಲ್ಲೆಯು ಬಳ್ಳಾರಿಯೊಂದಿಗೆ ಬೇರೆ ಪ್ರದೇಶಕ್ಕೆ ಸೇರಿದ್ದು, ಅದರ ಹಂಚಿಕೆ 2018ರ 9ನೆಯ ಸುತ್ತಿನಲ್ಲಿ ಆಗಿದೆ. ಆದುದರಿಂದ ಗದಗ ಗಡಿಯ ಗ್ರಾಮಸ್ಥರು ಪಕ್ಕದ ಊರಿಗೆ ಬಂದ ಕೊಳವೆಯಿಂದ ಸಂಪರ್ಕ ಕೋರಲು ಬರುವುದಿಲ್ಲ.

ಊರಿನ ಹೆಸರೂ ಗೊಂದಲಕ್ಕೆ ಎಡೆಮಾಡಬಹುದು. 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಅನಿಲ ಕೊಳವೆಮಾರ್ಗವು 2021ರ ಜನವರಿ 5ರಂದು ಲೋಕಾರ್ಪಣೆಗೊಂಡಿತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವಿತರಣೆಯ ಅಧಿಕಾರ ಗೇಲ್ ಗ್ಯಾಸ್ ಲಿಮಿಟೆಡ್‌ಗೆ ದೊರೆತಿದೆ. ಯಲಬುರ್ಗಾ ಸೀಮೆಯ ಮಂಗಳೂರಿಗೂ ಆ ಮಾರ್ಗಕ್ಕೂ ಸಂಬಂಧವಿಲ್ಲ. ಈ ಗ್ರಾಮದ ಅರ್ಜಿದಾರರು ಗ್ರಾಮ, ತಾಲ್ಲೂಕು, ಜಿಲ್ಲೆ ಹಾಗೂ ಪಿನ್‌ಕೋಡ್‌ಗಳನ್ನು ತಪ್ಪದೆ ನಮೂದಿಸುವುದು ಕ್ಷೇಮ.

ವಿಳಂಬದ ಪ್ರಶ್ನೆ ಇದಕ್ಕಿಂತ ಮುಖ್ಯವಾದುದು. 9 ಮತ್ತು 10ನೆಯ ಸುತ್ತುಗಳಲ್ಲಿ ಬಿಡ್‌ಗಳನ್ನು 100 ಅಂಕಗಳಿಗೆ ತೂಗಿ ನೋಡಲಾಯಿತು. ಇವುಗಳಲ್ಲಿ 50 ಅಂಕ ಗೃಹಬಳಕೆಯ ಸಂಪರ್ಕಗಳ ಸಂಖ್ಯೆಗೆ, 20 ಸಿಎನ್‌ಜಿ ಕೇಂದ್ರಗಳಿಗೆ, 10 ಉಕ್ಕಿನ ಕೊಳವೆಯ ಪ್ರಮಾಣಕ್ಕೆ, ಉಳಿದ 20 ಸಾಗಣೆ ದರಗಳಿಗೆ ಮೀಸಲಾಗಿದ್ದವು. 8 ವರ್ಷಗಳಲ್ಲಿ ಇಷ್ಟು ಕೆಲಸ ಪೂರೈಸುವುದಾಗಿ ಸಂಸ್ಥೆ ಒಪ್ಪಿಕೊಳ್ಳುತ್ತದೆ. ಮಾರಾಟದ ಏಕಸ್ವಾಮ್ಯದ ಅವಧಿಯೂ 8 ವರ್ಷ, ಅದರ ವಿಸ್ತರಣೆಗೆ ಅವಕಾಶವಿದೆ. ಕೊಳವೆಜಾಲದ ಏಕಸ್ವಾಮ್ಯ ಮಾತ್ರ 25 ವರ್ಷಗಳದ್ದು. ಆದರೆ ಸಂಪರ್ಕಗಳ ಗುರಿಯನ್ನು ಬಿಡ್‌ನಲ್ಲಿ ಇಡೀ ಭೌಗೋಳಿಕ ಪ್ರದೇಶಕ್ಕೆ ಒಂದೇ ಸಂಖ್ಯೆಯಾಗಿ ನೀಡಲಾಗಿದೆ, ತಾಲ್ಲೂಕುವಾರು ಅಲ್ಲ. ಮನೆಗಳು ಒತ್ತಾಗಿರುವ ರಾಯಚೂರು ಅಥವಾ ಬಾಗಲಕೋಟೆ ನಗರದಲ್ಲಿ ಒಂದು ಕಿಲೋಮೀಟರ್ ಕೊಳವೆಯಿಂದ ದೊರೆಯುವಷ್ಟು ಗ್ರಾಹಕರು ಕುಷ್ಟಗಿ ಅಥವಾ ಯಲಬುರ್ಗಾದ ಚದುರಿದ ಊರುಗಳಲ್ಲಿ ದೊರೆಯುವುದಿಲ್ಲ. ಲೆಕ್ಕದಲ್ಲಿ ಗುರಿ ಪೂರೈಸಿದರೂ ಒಂದು ತಾಲ್ಲೂಕು ಕಾಯುತ್ತಲೇ ಇರಬಹುದು. ಕೊಪ್ಪಳದ ಸುತ್ತಲಿನ ಕಬ್ಬಿಣ ಕಾರ್ಖಾನೆಗಳೂ ಗಂಗಾವತಿಯ ಅಕ್ಕಿ ಗಿರಣಿಗಳೂ ಅನಿಲದ ಗ್ರಾಹಕರಾದಲ್ಲಿ ಉಕ್ಕಿನ ಕೊಳವೆ ಆ ದಿಕ್ಕಿಗೆ ಬೇಗ ತಿರುಗುವ ಸಾಧ್ಯತೆಯುಂಟು. ಆದರೆ ಭತ್ತದ ಹೊಟ್ಟನ್ನೇ ಉರಿಸುವ ಗಿರಣಿಗೆ ಅನಿಲ ಅಗ್ಗವೆನಿಸುವುದು ಸುಲಭವಲ್ಲ.

ಹೆದ್ದಾರಿಯ ಬದಿಯಲ್ಲಿ ಸಿಎನ್‌ಜಿ ಪಂಪು ಕಂಡ ಮಾತ್ರಕ್ಕೆ ಮನೆಗೂ ಅನಿಲ ಸಮೀಪಿಸಿತೆಂದು ಭಾವಿಸಲಾಗದು. ಒತ್ತಡದಲ್ಲಿ ತುಂಬಿದ ಸಿಲಿಂಡರುಗಳನ್ನು ಲಾರಿಯಲ್ಲಿ ತಂದು ಪಂಪು ನಡೆಸಬಹುದು. ಅಡುಗೆಮನೆಗಾದರೋ ರಸ್ತೆ ಅಗೆದು ಪಾಲಿಥೀನ್ ಕೊಳವೆ ಹೂಳಬೇಕು, ಅದಕ್ಕೆ ಸ್ಥಳೀಯ ಸಂಸ್ಥೆಯ ಅನುಮತಿಯೂ ಬೇಕು.

ದರದ ಬಗ್ಗೆಯೂ ತಪ್ಪು ಕಲ್ಪನೆಯಿದೆ. ಬಿಡ್‌ನಲ್ಲಿ ಪರಿಗಣಿಸಿದ್ದು ಸಾಗಣೆ ದರಗಳನ್ನು ಮಾತ್ರ. ಗೃಹಬಳಕೆದಾರನು ಮೀಟರಿನಂತೆ ತೆರುವ ಅನಿಲದ ಬೆಲೆಯನ್ನಲ್ಲ. ಗ್ರಾಹಕರಿಗೆ ವಿಧಿಸುವ ಗರಿಷ್ಠ ಮಾರಾಟ ಬೆಲೆಯನ್ನು ನಿಗದಿಪಡಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಇಂದ್ರಪ್ರಸ್ಥ ಗ್ಯಾಸ್ ಪ್ರಕರಣದಲ್ಲಿ ತೀರ್ಪು ನೀಡಿತು. ನೈಸರ್ಗಿಕ ಅನಿಲವು ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯದ ಮೌಲ್ಯವರ್ಧಿತ ತೆರಿಗೆಯೂ ಬೆಲೆಯಲ್ಲಿ ಸೇರುತ್ತದೆ.

ಅರ್ಜಿದಾರರು ನೋಂದಣಿಗೆ ಹಣ ಪಾವತಿಸುವ ಮುನ್ನ ಮೂರು ವಿಷಯಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ: ತಮ್ಮ ಬೀದಿಯಲ್ಲಿ ಕೊಳವೆ ಹಾಕಲಾಗಿದೆಯೇ, ಠೇವಣಿಯಲ್ಲಿ ಮರಳಿ ದೊರೆಯುವ ಮೊತ್ತವೆಷ್ಟು, ಸಂಪರ್ಕ ವಿಳಂಬವಾದಲ್ಲಿ ಅರ್ಜಿ ಹಿಂಪಡೆಯುವ ಕ್ರಮವೇನು. ರಶೀದಿಯಲ್ಲಿ ಅಧಿಕಾರಪತ್ರ ಪಡೆದ ಸಂಸ್ಥೆಯ ಹೆಸರೇ ಇರಬೇಕು, ಮಧ್ಯವರ್ತಿಯ ಹೆಸರಲ್ಲ. ಬಾಡಿಗೆದಾರರು ಮನೆಯ ಮಾಲೀಕರ ಒಪ್ಪಿಗೆಪತ್ರ ಇಟ್ಟುಕೊಂಡಿರುವುದು ಒಳ್ಳೆಯದು.

ಸಂಪರ್ಕ ದೊರೆತ ಬಳಿಕ ಎಲ್‌ಪಿಜಿ ಒಲೆಯನ್ನು ಹಾಗೆಯೇ ಬಳಸುವಂತಿಲ್ಲ. ತಂತ್ರಜ್ಞರು ಅದರ ಜೆಟ್ ಬದಲಾಯಿಸಬೇಕಾಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ನೈಸರ್ಗಿಕ ಅನಿಲದಲ್ಲಿ ಮುಖ್ಯವಾಗಿರುವ ಮೀಥೇನ್ ಹಗುರವಾಗಿದ್ದು ಮೇಲೇರುತ್ತದೆ. ಆದುದರಿಂದ ಛಾವಣಿಯ ಬಳಿ ಗಾಳಿಕಿಂಡಿ ಇರಬೇಕು. ಸೋರಿಕೆ ತಿಳಿಯಲೆಂದೇ ಬೆರೆಸಿರುವ ವಾಸನೆ ಬಂದಲ್ಲಿ ವಿದ್ಯುತ್ ಸ್ವಿಚ್ಚು ಮುಟ್ಟದೆ, ಮೀಟರ್ ಬಳಿಯ ಕವಾಟವನ್ನು ಮುಚ್ಚಿ ಕಿಟಕಿ, ಬಾಗಿಲು ತೆರೆದು ಹೊರಗೆ ಬಂದ ನಂತರ ಸಂಸ್ಥೆಯ ತುರ್ತು ದೂರವಾಣಿಗೆ ತಿಳಿಸತಕ್ಕದ್ದು.